ಹೆಂಡತಿ ಹೆಸರಲ್ಲಿ ಖಾತೆ, ಗಂಡನ ಲೆಕ್ಕಕ್ಕೆ ಬಡ್ಡಿ: ತೆರಿಗೆ ಯಾರು ಕಟ್ಟಬೇಕು?

ಕಲಬುರಗಿ: ತೊಗರಿ ರಾಶಿ ಮುಗಿದು ಗಂಜ್‌ನಲ್ಲಿ ವ್ಯಾಪಾರ ಜೋರಾಗುವ ಈ ದಿನಗಳಲ್ಲಿ ಬ್ಯಾಂಕ್ ಕೌಂಟರ್ ಮುಂದೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. "ನಿಮ್ಮ ಹೆಸರಿನ್ಯಾಗ ಬ್ಯಾಡ್ರಿ, ಮನ್ಯಾಗಿನವರ ಹೆಸರಿನ್ಯಾಗ ಇಡ್ರಿ, ಟ್ಯಾಕ್ಸ್ ಬರಂಗಿಲ್ಲ." ನಗರದ ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯವರಿಂದ ಹಿಡಿದು ಕಮಲಾಪುರದ ಕಿರಾಣಿ ಅಂಗಡಿಯವರ ತನಕ ಬಹಳ ಮಂದಿ ಇದನ್ನೇ ಕಾನೂನು ಅಂತ ನಂಬಿಕೊಂಡಿದ್ದಾರೆ.

ಆದಾಯ ತೆರಿಗೆ ಕಾಯ್ದೆ ಹೇಳೋದೇ ಬೇರೆ. ಪಾಸ್‌ಬುಕ್ ಮೇಲೆ ಯಾರ ಹೆಸರಿದೆ ಅನ್ನೋದಕ್ಕಿಂತ ಮೊದಲು, ಅದರೊಳಗಿನ ರೊಕ್ಕ ಯಾರು ದುಡಿದದ್ದು ಅಂತ ಅದು ಕೇಳುತ್ತದೆ. ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿಲ್ಲದೆ ಕೆಲವು ಮನೆಗಳಿಗೆ ನೋಟಿಸ್ ಬರುತ್ತದೆ. ಇನ್ನೂ ಕೆಲವು ಮನೆಗಳಲ್ಲಿ, ತೆರಿಗೆ ಕಟ್ಟುವ ಅಗತ್ಯವೇ ಇಲ್ಲದ ಹೆಣ್ಣುಮಕ್ಕಳ ರೊಕ್ಕ ಟಿಡಿಎಸ್ ಆಗಿ ಹೋಗಿ ವಾಪಸ್ ಬರೋದೇ ಇಲ್ಲ. ಎರಡನೇದರ ಬಗ್ಗೆ ಮಾತಾಡುವವರು ಕಡಿಮೆ.

ಮೊದಲು ಬುನಾದಿಯ ಸಂಗತಿ. ನಮ್ಮ ದೇಶದ ಆದಾಯ ತೆರಿಗೆಯಲ್ಲಿ "ದಂಪತಿ" ಅನ್ನೋ ತೆರಿಗೆದಾರರೇ ಇಲ್ಲ. ಗಂಡ ಒಬ್ಬ, ಹೆಂಡತಿ ಒಬ್ಬಳು. ಇಬ್ಬರಿಗೂ ಬೇರೆ ಬೇರೆ ಪ್ಯಾನ್, ಬೇರೆ ಬೇರೆ ರಿಟರ್ನ್, ಬೇರೆ ಬೇರೆ ಮಿತಿ. ಅಮೆರಿಕದಲ್ಲಿ ಗಂಡ-ಹೆಂಡತಿ ಕೂಡಿ ಒಂದೇ ರಿಟರ್ನ್ ಹಾಕಬಹುದು, ಇಲ್ಲಿ ಆ ದಾರಿ ಇಲ್ಲ. ಇಲ್ಲೂ ಬರಲಿ ಅಂತ ಲೆಕ್ಕ ಪರಿಶೋಧಕರ ಸಂಸ್ಥೆ ಐಸಿಎಐ ಸಲಹೆ ಕೊಟ್ಟಿದೆ, ಕಾಯ್ದೆ ಮಾತ್ರ ಬದಲಾಗಿಲ್ಲ.

ಪಕ್ಕದ ಗೋವಾದ ಕಥೆ ಬೇರೆ. ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಅಲ್ಲಿ ಇನ್ನೂ ಜಾರಿಯಲ್ಲಿರುವುದರಿಂದ, ಅದರ ವ್ಯಾಪ್ತಿಗೆ ಬರುವ ಗಂಡ-ಹೆಂಡತಿಯ ಸಂಬಳ ಬಿಟ್ಟು ಉಳಿದ ಆದಾಯವನ್ನು ಅರ್ಧರ್ಧ ಹಂಚಿ ಲೆಕ್ಕ ಹಾಕುತ್ತಾರೆ. 1961ರ ಕಾಯ್ದೆಯ 5ಎ ಕಲಂ ಅದಕ್ಕಂತಲೇ ಇದೆ. ಬ್ಯಾಂಕ್ ಬಡ್ಡಿ 4 ಲಕ್ಷ ಬಂದರೆ ಪಣಜಿಯ ಗಂಡನಿಗೆ 2, ಹೆಂಡತಿಗೆ 2. ಅದೇ ಬಡ್ಡಿ ಕಲಬುರಗಿಯ ಗಂಡನ ದುಡಿಮೆಯ ರೊಕ್ಕಕ್ಕೆ ಬಂದಿದ್ದರೆ ಪೂರ್ತಿ 4 ಲಕ್ಷವೂ ಅವನದೇ.

ರೊಕ್ಕ ಯಾರದೋ, ಬಡ್ಡಿ ಅವರದೇ

ಗಂಡ ತನ್ನ ದುಡಿಮೆಯ ರೊಕ್ಕವನ್ನು ಹೆಂಡತಿಗೆ ಸುಮ್ಮನೆ ಕೊಟ್ಟರೆ, ಕೊಟ್ಟದ್ದಕ್ಕೆ ತೆರಿಗೆ ಇಲ್ಲ. ಗಂಡ-ಹೆಂಡತಿ ನಡುವಿನ ಉಡುಗೊರೆಗೆ ಮಿತಿಯೂ ಇಲ್ಲ. ಇಷ್ಟು ಮಾತ್ರ ಮಂದಿಗೆ ಗೊತ್ತಿದೆ. ಆದರೆ ಆ ರೊಕ್ಕ ಬ್ಯಾಂಕಿನಲ್ಲಿ ಕೂತು ತರುವ ಬಡ್ಡಿಯನ್ನು ಕಾಯ್ದೆಯ 64ನೇ ಕಲಂ ಮತ್ತೆ ಗಂಡನ ಆದಾಯಕ್ಕೇ ಸೇರಿಸುತ್ತದೆ. ಇದಕ್ಕೆ "ಕ್ಲಬ್ಬಿಂಗ್" ಅಂತಾರೆ. ಹೆಂಡತಿ ದುಡಿದು ಗಂಡನ ಹೆಸರಲ್ಲಿ ಇಟ್ಟರೂ ಇದೇ ನಿಯಮ. ಸೊಸೆಗೆ ಕೊಟ್ಟರೂ ಇದೇ. ತಂದೆ-ತಾಯಿಗೆ ಅಥವಾ 18 ವರ್ಷ ದಾಟಿದ ಮಗ-ಮಗಳಿಗೆ ಕೊಟ್ಟರೆ ಮಾತ್ರ ಬಡ್ಡಿ ಅವರ ಲೆಕ್ಕಕ್ಕೆ ಹೋಗುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ನೋಡ್ರಿ. ಕಲಬುರಗಿಯ ಒಬ್ಬ ಉಪನ್ಯಾಸಕರಿಗೆ ವರ್ಷಕ್ಕೆ 14 ಲಕ್ಷ ಸಂಬಳ ಅಂತ ಇಟ್ಟುಕೊಳ್ಳೋಣ. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 13.25 ಲಕ್ಷ. ಮನೆಯಲ್ಲೇ ಇರುವ ಹೆಂಡತಿಯ ಹೆಸರಲ್ಲಿ ಅವರು 5 ಲಕ್ಷ ಎಫ್‌ಡಿ ಇಟ್ಟರು, ಬಡ್ಡಿ ಶೇ 6.5. ವರ್ಷದ ಬಡ್ಡಿ 32,500 ರೂ. ಹೆಂಡತಿಗೆ ಬೇರೆ ಆದಾಯವಿಲ್ಲ, ಬ್ಯಾಂಕೂ ಟಿಡಿಎಸ್ ಹಿಡಿಯಲಿಲ್ಲ, ಸರಿ ಹೋಯ್ತು ಅಂತ ಮನೆಯವರು ತಿಳಿದರು. ಆದರೆ ಆ 32,500 ಉಪನ್ಯಾಸಕರ ಆದಾಯ. ಶೇ 15ರ ಹಂತದಲ್ಲಿ 4,875, ಮೇಲೆ ಶೇ 4 ಸೆಸ್ 195. ಒಟ್ಟು 5,070 ರೂ. ಅವರೇ ಕಟ್ಟಬೇಕು.

ಇದರಲ್ಲೊಂದು ಸಣ್ಣ ಕಿಂಡಿ ಇದೆ. ಮೊದಲ ವರ್ಷದ ಬಡ್ಡಿ 32,500 ಗಂಡನ ಲೆಕ್ಕಕ್ಕೆ ಹೋದರೂ, ಆ 32,500 ಮತ್ತೆ ಠೇವಣಿಯಾಗಿ ತರುವ ಬಡ್ಡಿ, ಅಂದರೆ ಮುಂದಿನ ವರ್ಷದ ಸುಮಾರು 2,112 ರೂ. ಹೆಂಡತಿಯದೇ. ಬಡ್ಡಿಯ ಬಡ್ಡಿಗೆ ಕ್ಲಬ್ಬಿಂಗ್ ಇಲ್ಲ. ಇದರ ಲೆಕ್ಕ ಬೇರೆಯಾಗಿ ಬರೆದಿಡುವ ಮನೆಗಳು ಎಷ್ಟಿವೆಯೋ.

ಮಹಿಳಾ ಸಮ್ಮಾನ್ ಉಳಿತಾಯ ಪತ್ರದ ವಿಷಯವೂ ಹೀಗೇ. 2023ರ ಏಪ್ರಿಲ್‌ನಿಂದ 2025ರ ಮಾರ್ಚ್ ತನಕ ಅಂಚೆ ಕಚೇರಿಯಲ್ಲಿ ಎರಡು ವರ್ಷದ ಅವಧಿಗೆ, ಶೇ 7.5 ಬಡ್ಡಿಗೆ ಮಾರಿದ್ದು. 2 ಲಕ್ಷ ಹಾಕಿದವರ ಕೈಗೆ ಈಗ 2,32,044 ರೂ. ಬರ್ತಾ ಇದೆ. ಹೆಸರಲ್ಲೇ ಮಹಿಳೆ ಇರೋದರಿಂದ ತೆರಿಗೆ ಇಲ್ಲ ಅಂತ ಬಹಳ ಮಂದಿ ತಿಳಿದಿದ್ದಾರೆ. ಆ ಬಡ್ಡಿಗೆ ಯಾವ ವಿನಾಯಿತಿಯೂ ಇಲ್ಲ, ಹಾಕಿದ ರೊಕ್ಕ ಗಂಡನದಾಗಿದ್ದರೆ ಬಡ್ಡಿಯೂ ಗಂಡನದೇ.

9,000 ಬಡ್ಡಿಗೆ 9,360 ತೆರಿಗೆ

2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಕ್ಕು ತೆರಿಗೆ ಸೊನ್ನೆಯಾಗುತ್ತದೆ. ಸಂಬಳದಾರರಿಗೆ ಇದು 12.75 ಲಕ್ಷ. ನಮ್ಮ ಭಾಗದ ಹೆಚ್ಚಿನ ಅಂಗಡಿಯವರು, ರೈತರು, ಸಣ್ಣ ನೌಕರರಿಗೆ ಉಳಿತಾಯ ಖಾತೆಯ ಬಡ್ಡಿಗೆ ತೆರಿಗೆ ಬೀಳೋದೇ ಇಲ್ಲ ಅನ್ನೋದು ಈ ಕಾರಣಕ್ಕೆ. ಕಮಲಾಪುರದಲ್ಲಿ ವರ್ಷಕ್ಕೆ 60 ಲಕ್ಷ ವ್ಯಾಪಾರ ಮಾಡುವ ಕಿರಾಣಿ ಅಂಗಡಿಯವರು 44ಎಡಿ ಪ್ರಕಾರ ನಗದಿಗೆ ಶೇ 8, ಆನ್‌ಲೈನ್ ಪಾವತಿಗೆ ಶೇ 6 ಲಾಭ ತೋರಿಸಿದರೂ ಆದಾಯ 3.6ರಿಂದ 4.8 ಲಕ್ಷದ ನಡುವೆ. ಅದಕ್ಕೆ ಗಂಡ-ಹೆಂಡತಿ ಇಬ್ಬರ ಬಡ್ಡಿ ಕೂಡಿಸಿದರೂ 12 ಲಕ್ಷ ದೂರದ ಮಾತು. ಇಂಥವರು ತೆರಿಗೆ ಉಳಿಸಲು ಅಂತ ಹೆಂಡತಿಯ ಹೆಸರಿಗೆ ರೊಕ್ಕ ತಳ್ಳೋದರಿಂದ ಒಂದು ಪೈಸೆ ಲಾಭವಿಲ್ಲ. ಆದಾಯ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆ ಇದ್ದರೂ ರಿಟರ್ನ್ ಮಾತ್ರ ಹಾಕಲೇಬೇಕು.

ಸಮಸ್ಯೆ ಇರೋದು 12 ಲಕ್ಷದ ಗೆರೆಯ ಮೇಲೆ ನಿಂತವರಿಗೆ. ಸಂಬಳ ಸರಿಯಾಗಿ 12.75 ಲಕ್ಷ ಇರುವ ಒಬ್ಬ ನೌಕರನಿಗೆ ತೆರಿಗೆ ಸೊನ್ನೆ. ಅವನ ಉಳಿತಾಯ ಖಾತೆಗೆ 9,000 ಬಡ್ಡಿ ಜಮಾ ಆಯಿತು ಅಂದ್ರೆ ಆದಾಯ 12.09 ಲಕ್ಷ. ಹಂತದ ಪ್ರಕಾರ ತೆರಿಗೆ 61,350 ಬರಬೇಕಿತ್ತು. ಗೆರೆ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದು ಅನ್ನೋ ನಿಯಮ ಇರುವುದರಿಂದ ಅದು 9,000ಕ್ಕೆ ಇಳಿಯುತ್ತದೆ. ಮೇಲೆ ಸೆಸ್ 360. ಬಡ್ಡಿ ಬಂದದ್ದು 9,000, ಕಟ್ಟಬೇಕಾದ್ದು 9,360. ಬಡ್ಡಿ ಪೂರ್ತಿ ಹೋಗಿ ಕೈಯಿಂದ 360 ಬೇರೆ!

ಇಲ್ಲಿ ರೊಕ್ಕ ಯಾರದು ಅನ್ನೋ ಪ್ರಶ್ನೆಗೆ ನಿಜವಾದ ಬೆಲೆ ಬರುತ್ತದೆ. ಆ 9,000 ಬಡ್ಡಿ ತಂದ ರೊಕ್ಕ ಹೆಂಡತಿ ಟೇಲರಿಂಗ್ ಮಾಡಿ ಕೂಡಿಟ್ಟದ್ದಾಗಿದ್ದು, ಅವಳದೇ ಖಾತೆಯಲ್ಲಿದ್ದರೆ, ಮನೆಗೆ ಬೀಳುವ ತೆರಿಗೆ ಸೊನ್ನೆ. ಗಂಡನ ಸಂಬಳವನ್ನೇ ಅವಳ ಖಾತೆಗೆ ಹಾಕಿ ಬಂದ ಬಡ್ಡಿಯಾದರೆ 9,360. ಖಾತೆ ಅದೇ, ಬ್ಯಾಂಕ್ ಅದೇ, ಬಡ್ಡಿಯೂ ಅಷ್ಟೇ.

ಇದೇ ಗೆರೆಯ ಮೇಲಿರುವವರು ಅಂಚೆ ಕಚೇರಿಯನ್ನು ಮರೆಯಬಾರದು. ಅಂಚೆ ಉಳಿತಾಯ ಖಾತೆಯ ಬಡ್ಡಿಯಲ್ಲಿ ಒಬ್ಬರ ಖಾತೆಗೆ 3,500, ಜಂಟಿ ಖಾತೆಗೆ 7,000 ರೂ. ತನಕ ತೆರಿಗೆ ಲೆಕ್ಕಕ್ಕೇ ಬರೋದಿಲ್ಲ. 2011ರಿಂದ ಇರುವ ವಿನಾಯಿತಿ ಇದು, ಹೊಸ ಪದ್ಧತಿಯಲ್ಲೂ ಉಳಿದಿದೆ. ಅಂಚೆಯಲ್ಲಿ ಉಳಿತಾಯ ಖಾತೆಗೆ ಬಡ್ಡಿ ಶೇ 4, ಸ್ಟೇಟ್ ಬ್ಯಾಂಕಿನಲ್ಲಿ 2025ರ ಜೂನ್ 15ರಿಂದ ಶೇ 2.5. ಜಂಟಿಯಾಗಿ 1.75 ಲಕ್ಷ ಇಟ್ಟರೆ ಅಂಚೆಯಲ್ಲಿ 7,000 ಬಡ್ಡಿ, ಪೂರ್ತಿ ತೆರಿಗೆಮುಕ್ತ. ಅಷ್ಟೇ ರೊಕ್ಕ ಸ್ಟೇಟ್ ಬ್ಯಾಂಕಿನಲ್ಲಿ 4,375 ತರುತ್ತದೆ, ಅದು ತೆರಿಗೆ ಲೆಕ್ಕಕ್ಕೂ ಸೇರುತ್ತದೆ.

ಹಳೇ ಪದ್ಧತಿಯಲ್ಲಿ ಉಳಿದವರಿಗೆ 80ಟಿಟಿಎ ಅಡಿ ಉಳಿತಾಯ ಖಾತೆ ಬಡ್ಡಿಗೆ 10,000 ಕಡಿತ ಇದೆ. 60 ದಾಟಿದವರಿಗೆ 80ಟಿಟಿಬಿ ಅಡಿ ಎಫ್‌ಡಿ ಬಡ್ಡಿಯೂ ಸೇರಿ 50,000. ಗಂಡನಿಗೊಂದು, ಹೆಂಡತಿಗೊಂದು, ಪ್ರತ್ಯೇಕ. ಹೊಸ ಪದ್ಧತಿಯಲ್ಲಿ ಎರಡೂ ಇಲ್ಲ.

ಹೊಲದ ರೊಕ್ಕಕ್ಕೆ ತೆರಿಗೆ ಇಲ್ಲ ಅಲ್ವಾ ಅಂತ ರೈತರು ಕೇಳುತ್ತಾರೆ. ತೊಗರಿ ಮಾರಿದ ರೊಕ್ಕಕ್ಕೆ ಇಲ್ಲ, ಕಮಲಾಪುರದ ಕೆಂಪು ಬಾಳೆ ಮಾರಿದ ರೊಕ್ಕಕ್ಕೂ ಇಲ್ಲ. ಆದರೆ ಅದು ಬ್ಯಾಂಕಿಗೆ ಹೋಗಿ ಬಡ್ಡಿ ತಂದರೆ ಆ ಬಡ್ಡಿ ಕೃಷಿ ಆದಾಯ ಅಲ್ಲ. ಸಹಕಾರಿ ಪತ್ತಿನ ಸಂಘದಲ್ಲಿ ಇಟ್ಟರೂ ಹೀಗೇ. ಸಣ್ಣ ಸಂಘಗಳು ಸದಸ್ಯರ ಬಡ್ಡಿಗೆ ಟಿಡಿಎಸ್ ಹಿಡಿಯಬೇಕಿಲ್ಲ, ಹಿಡಿದಿಲ್ಲ ಅಂದ ಮಾತ್ರಕ್ಕೆ ಆ ಬಡ್ಡಿ ಆದಾಯ ಅಲ್ಲ ಅಂತ ಆಗೋದಿಲ್ಲ.

ಜಂಟಿ ಖಾತೆಯ ಗೋಜು

ಜಂಟಿ ಖಾತೆ ಅಂದರೆ ಬಡ್ಡಿ ಅರ್ಧರ್ಧ ಅನ್ನೋ ನಂಬಿಕೆಯೂ ಬಹಳ ಇದೆ. ಕಾಯ್ದೆ ಹಾಗೆ ಹೇಳಿಲ್ಲ. ಯಾರು ಎಷ್ಟು ಹಾಕಿದ್ದಾರೋ ಅವರ ಬಡ್ಡಿ ಅಷ್ಟು. ಗಂಡ ಪೂರ್ತಿ ಹಾಕಿ, ತನಗೇನಾದರೂ ಆದರೆ ಅನುಕೂಲವಾಗಲಿ ಅಂತ ಹೆಂಡತಿಯ ಹೆಸರು ಸೇರಿಸಿದ್ದರೆ ಬಡ್ಡಿ ಪೂರ್ತಿ ಗಂಡನದು.

ಬ್ಯಾಂಕಿನ ಕಂಪ್ಯೂಟರ್‌ಗೆ ಇದ್ಯಾವುದೂ ಗೊತ್ತಿರೋದಿಲ್ಲ. ಅದು ಮೊದಲ ಹೆಸರಿನವರ ಪ್ಯಾನ್‌ಗೆ ಬಡ್ಡಿಯನ್ನೂ ಟಿಡಿಎಸ್ಸನ್ನೂ ಹಾಕಿಬಿಡುತ್ತದೆ. ತವರು ಮನೆಯ ಹೊಲದ ಪಾಲು ಬಂದು, ಆ ರೊಕ್ಕವನ್ನು ಹೆಂಡತಿ ಜಂಟಿ ಎಫ್‌ಡಿಯಲ್ಲಿ ಇಟ್ಟು, ಮೊದಲ ಹೆಸರು ಗಂಡನದಾಗಿದ್ದರೆ, ರೊಕ್ಕ ಅವಳದು, ಬಡ್ಡಿ ಕಾಣೋದು ಅವನ ಲೆಕ್ಕದಲ್ಲಿ. ಇದನ್ನು ಸರಿಪಡಿಸಲು ಹಳೇ ನಿಯಮಗಳಲ್ಲಿ 37ಬಿಎ ಅಂತ ಒಂದಿದೆ. ಈ ಬಡ್ಡಿ ಇಂಥವರದು, ಟಿಡಿಎಸ್ ಅವರ ಪ್ಯಾನ್‌ಗೆ ತೋರಿಸ್ರಿ ಅಂತ ಬ್ಯಾಂಕಿಗೆ ಲಿಖಿತವಾಗಿ ಕೊಡಬಹುದು. ಹೊಸದಾಗಿ ಠೇವಣಿ ಇಡುವವರಿಗೆ ಇದಕ್ಕಿಂತ ಸುಲಭದ ದಾರಿ, ರೊಕ್ಕ ಯಾರದೋ ಅವರ ಹೆಸರನ್ನೇ ಮೊದಲು ಬರೆಸೋದು. ನಮ್ಮಲ್ಲಿ ಗಂಡಸಿನ ಹೆಸರು ಮೊದಲು ಬರೆಯೋದು ರೂಢಿ ಆಗಿಬಿಟ್ಟಿದೆ, ತೆರಿಗೆ ಲೆಕ್ಕದಲ್ಲಿ ಆ ರೂಢಿಗೆ ದುಡ್ಡು ತೆರಬೇಕಾಗುತ್ತದೆ.

ಅಂಗಡಿಯವರಿಗೆ ಇನ್ನೊಂದು ಮಾತು. ಒಂದು ವರ್ಷದಲ್ಲಿ ಉಳಿತಾಯ ಖಾತೆಗೆ 10 ಲಕ್ಷ ಅಥವಾ ಹೆಚ್ಚು ನಗದು ಜಮಾ ಆದರೆ ಬ್ಯಾಂಕ್ ಅದನ್ನು ಇಲಾಖೆಗೆ ತಿಳಿಸುತ್ತದೆ. ಖಾತೆ ಜಂಟಿಯಾಗಿದ್ದರೆ ಪೂರ್ತಿ ಮೊತ್ತವನ್ನು ಇಬ್ಬರ ಪ್ಯಾನ್‌ಗೂ ತೋರಿಸುತ್ತದೆ. ಅಂಗಡಿಗೆ ಕಾಲೇ ಇಡದ ಹೆಂಡತಿಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲೂ, ಅಂದರೆ ಎಐಎಸ್‌ನಲ್ಲೂ, ಅಂಗಡಿಯ ಗಲ್ಲಾದ ರೊಕ್ಕ ಕಾಣಿಸಿಕೊಳ್ಳುತ್ತದೆ. ಉಳಿತಾಯ ಖಾತೆಗಳಿಗೆ ವರ್ಷದಲ್ಲಿ 50 ಲಕ್ಷ ಜಮಾ ಆದರೆ ಆದಾಯ ಎಷ್ಟೇ ಇರಲಿ ರಿಟರ್ನ್ ಕಡ್ಡಾಯ.

ಕ್ಯೂಆರ್ ಕೋಡ್ ಹೆಂಡತಿಯ ಖಾತೆಗೆ ಜೋಡಿಸಿದವರು ಇದನ್ನು ಎರಡು ಸಲ ಓದಬೇಕು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತ್ತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ದಾಟಿದವರು ಅಂತ. ಹಳೇ ಬಾಕಿ ವಸೂಲಿ ಮಾಡೋದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಅಂಗಡಿಯ ರೊಕ್ಕಕ್ಕೆ ಕರೆಂಟ್ ಖಾತೆ, ಮನೆಯ ರೊಕ್ಕಕ್ಕೆ ಉಳಿತಾಯ ಖಾತೆ ಅಂತ ಬೇರೆ ಮಾಡದಿದ್ದರೆ ಯಾವ ರೊಕ್ಕ ಯಾರದು ಅಂತ ನಾಳೆ ಮನೆಯವರಿಗೇ ಹೇಳಲು ಬರೋದಿಲ್ಲ.

ಸಾಸಿವೆ ಡಬ್ಬಿ ರೊಕ್ಕ ಯಾರದು?

ಹಾಗಾದರೆ ಹೆಂಡತಿಯದೇ ರೊಕ್ಕ ಅಂದರೆ ಯಾವುದು? ಅವಳ ದುಡಿಮೆ, ತವರಿನಿಂದ ಬಂದ ಪಾಲು, ಮದುವೆಯಲ್ಲಿ ತವರಿನವರು ಹಾಕಿದ ಬಂಗಾರ ಮಾರಿದ್ದು, ಇವೆಲ್ಲ ಅವಳವೇ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಮದುವೆಗೆ ಮೊದಲೇ ಹುಡುಗ ಹುಡುಗಿಗೆ ಕೊಟ್ಟದ್ದಕ್ಕೂ ಕ್ಲಬ್ಬಿಂಗ್ ಇಲ್ಲ. ಕೊಟ್ಟಾಗಲೂ, ಆದಾಯ ಬಂದಾಗಲೂ ಅವರು ಗಂಡ-ಹೆಂಡತಿ ಆಗಿರಬೇಕು ಅಂತ 1963ರಲ್ಲೇ ಸುಪ್ರೀಂ ಕೋರ್ಟ್ ಫಿಲಿಪ್ ಜಾನ್ ಪ್ಲಾಸ್ಕೆಟ್ ಥಾಮಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ.

ಗೃಹಲಕ್ಷ್ಮಿಯ ತಿಂಗಳ 2,000 ರೂ. ಕೂಡ ಅವಳದೇ. ಸರ್ಕಾರ ಅವಳಿಗೆ ಕೊಟ್ಟದ್ದು, ಗಂಡ ಕೊಟ್ಟದ್ದಲ್ಲ. ವರ್ಷಕ್ಕೆ 24,000 ಮುಟ್ಟದೆ ಇಟ್ಟರೆ ಶೇ 2.5ರಂತೆ ಹೆಚ್ಚೆಂದರೆ 600 ರೂ. ಬಡ್ಡಿ. ಆ ಬಡ್ಡಿ ಗಂಡನ ಲೆಕ್ಕಕ್ಕೆ ಸೇರೋದಿಲ್ಲ.

ಮನೆ ಖರ್ಚಿನಲ್ಲಿ ಉಳಿಸಿ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ರೊಕ್ಕದ ವಿಷಯ ಮಾತ್ರ ಸ್ವಲ್ಪ ಸೂಕ್ಷ್ಮ. 2016ರ ನವೆಂಬರ್ 8ರ ನೋಟು ರದ್ದತಿಯ ಸಮಯದಲ್ಲಿ ಗ್ವಾಲಿಯರ್‌ನ ಗೃಹಿಣಿಯೊಬ್ಬರು ಹೀಗೆ ಉಳಿಸಿದ್ದ 2,11,500 ರೂ. ಬ್ಯಾಂಕಿಗೆ ಕಟ್ಟಿದ್ದರು. ಮೂಲ ಗೊತ್ತಿಲ್ಲದ ಆದಾಯ ಅಂತ ಇಲಾಖೆ ಹಿಡಿಯಿತು. 2021ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆಗ್ರಾ ಪೀಠ ಆ ಹೆಣ್ಣುಮಗಳ ಪರ ನಿಂತಿತು. ನೋಟು ರದ್ದತಿ ವೇಳೆ ಗೃಹಿಣಿಯರು ಕಟ್ಟಿದ 2.5 ಲಕ್ಷದವರೆಗಿನ ರೊಕ್ಕವನ್ನು ಹಾಗೆ ಆದಾಯ ಅಂತ ನೋಡಬಾರದು ಅಂದಿತು. ಮನೆ ನಡೆಸೋದು ಕೂಡ ದುಡಿಮೆ ಅಂತ ಒಪ್ಪಿದ ತೀರ್ಪು ಅದು. ಆದರೆ ಅದನ್ನು ಎಲ್ಲಾ ಕಾಲಕ್ಕೂ ಎಲ್ಲಾ ಮೊತ್ತಕ್ಕೂ ಎಳೆಯೋ ಹಾಗಿಲ್ಲ.

ಭಯದಲ್ಲಿ ಬಿಟ್ಟ ರೊಕ್ಕ

ಉಳಿತಾಯ ಖಾತೆಯ ಬಡ್ಡಿಗೆ ಬ್ಯಾಂಕ್ ಟಿಡಿಎಸ್ ಹಿಡಿಯೋದಿಲ್ಲ. ಎಫ್‌ಡಿ, ಆರ್‌ಡಿ ಬಡ್ಡಿ ಒಂದೇ ಬ್ಯಾಂಕಿನಲ್ಲಿ ವರ್ಷಕ್ಕೆ 50,000 ದಾಟಿದರೆ ಶೇ 10 ಹಿಡಿಯುತ್ತದೆ. 60 ದಾಟಿದವರಿಗೆ ಈ ಮಿತಿ 1 ಲಕ್ಷ. ಪ್ಯಾನ್ ಕೊಡದಿದ್ದರೆ, ಅಥವಾ ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಶೇ 20.

ತವರಿನ ಪಾಲು 9 ಲಕ್ಷವನ್ನು ಶೇ 6.5ಕ್ಕೆ ಇಟ್ಟ ಹೆಣ್ಣುಮಗಳಿಗೆ ಬಡ್ಡಿ 58,500. ಟಿಡಿಎಸ್ 5,850, ಪ್ಯಾನ್ ಸರಿ ಇಲ್ಲದಿದ್ದರೆ 11,700. ಅವಳು ಕಟ್ಟಬೇಕಾದ ತೆರಿಗೆಯೋ ಸೊನ್ನೆ. ವರ್ಷದ ಆರಂಭದಲ್ಲೇ 15ಜಿ ಫಾರಂ, 60 ದಾಟಿದ್ದರೆ 15ಎಚ್ ಕೊಟ್ಟಿದ್ದರೆ ಹಿಡಿಯುತ್ತಲೇ ಇರಲಿಲ್ಲ. ಹಿಡಿದು ಸರ್ಕಾರಕ್ಕೆ ಕಟ್ಟಿದ ಮೇಲೆ ಬ್ಯಾಂಕಿನವರು ವಾಪಸ್ ಕೊಡಲು ಬರೋದಿಲ್ಲ. ರಿಟರ್ನ್ ಹಾಕಿಯೇ ಪಡೆಯಬೇಕು.

ರಿಟರ್ನ್ ಅಂದ ಕೂಡಲೇ ಮನೆಯವರು ಹಿಂದೆ ಸರಿಯುತ್ತಾರೆ. "ರಿಟರ್ನ್ ಹಾಕಿದ್ರ ಗೃಹಲಕ್ಷ್ಮಿ ಹೋಗ್ತದ, ರೇಷನ್ ಕಾರ್ಡ್ ಹೋಗ್ತದ." ಈ ಭಯಕ್ಕೆ ಕಾರಣ ಇಲ್ಲದೇ ಇಲ್ಲ. ಮಹಿಳೆ ಅಥವಾ ಅವಳ ಗಂಡ ಆದಾಯ ತೆರಿಗೆ ಪಾವತಿದಾರರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಗೃಹಲಕ್ಷ್ಮಿ ಇಲ್ಲ ಅಂತ ಯೋಜನೆಯ ನಿಯಮ ಇದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದಾದ ಗಲಾಟೆ ಎಲ್ಲರಿಗೂ ನೆನಪಿದೆ. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ರದ್ದು ಮಾಡಬಾರದು ಅಂತ ಆಗ ಸರ್ಕಾರವೇ ಹೇಳಬೇಕಾಯಿತು.

ತೆರಿಗೆ ಗೊತ್ತಿರುವಲ್ಲಿ ಪದಗಳ ವ್ಯತ್ಯಾಸ ಚಿಕ್ಕದಲ್ಲ. ನಿಯಮದಲ್ಲಿರುವುದು ಆದಾಯ ತೆರಿಗೆ "ಪಾವತಿದಾರ". ಸೊನ್ನೆ ತೆರಿಗೆಯ ರಿಟರ್ನ್ ಹಾಕಿ ತನ್ನದೇ 5,850 ವಾಪಸ್ ಕೇಳುವ ಹೆಣ್ಣುಮಗಳು ಪಾವತಿದಾರಳಲ್ಲ, ಸರ್ಕಾರವೇ ಅವಳಿಗೆ ಕೊಡಬೇಕಾದ ಲೆಕ್ಕ ಅದು. ಆದರೆ ಕಂಪ್ಯೂಟರ್ ಪಟ್ಟಿಯಲ್ಲಿ ಹೆಸರು ತಪ್ಪಾಗಿ ಸೇರಿದರೆ ಕಚೇರಿ ಕಚೇರಿ ಅಲೆಯೋದು ಅವಳೇ. ಕಮಲಾಪುರದಿಂದ ಕಲಬುರಗಿಗೆ ಬಸ್ ಹತ್ತಿ, ಒಂದು ದಿನದ ಕೂಲಿ ಬಿಟ್ಟು ಬರೋದೂ ಅವಳೇ. ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವರನ್ನು ಪಾವತಿದಾರರ ಪಟ್ಟಿಗೆ ಸೇರಿಸೋದಿಲ್ಲ ಅಂತ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಆಹಾರ ಇಲಾಖೆ ಎರಡೂ ತಾಲೂಕು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಬರೆದು ಅಂಟಿಸಿದರೆ ಅರ್ಧ ಭಯ ಹೋಗುತ್ತದೆ. ಅಲ್ಲಿಯ ತನಕ ರಿಟರ್ನ್ ಹಾಕಿದವರು ತೆರಿಗೆ ಸೊನ್ನೆ ಎಂದು ತೋರಿಸುವ ಪ್ರತಿ ಮತ್ತು ಸ್ವೀಕೃತಿ ಎರಡನ್ನೂ ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳೋದು ಒಳ್ಳೇದು.

ಮಾರ್ಚ್ 31ಕ್ಕೆ ಮುಗಿಯುವ ಈ ವರ್ಷದ ಟಿಡಿಎಸ್ ವಾಪಸ್ ಬೇಕಾದವರು 2026ರ ಡಿಸೆಂಬರ್ 31ರೊಳಗೆ ರಿಟರ್ನ್ ಹಾಕಬೇಕು. ಆಮೇಲೆ ಹಾಕುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ರೀಫಂಡ್ ಕೇಳಲು ಬರೋದಿಲ್ಲ. ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ. ಕಲಂಗಳ ಸಂಖ್ಯೆ ಬದಲಾಗುತ್ತವೆ, "ಅಸೆಸ್‌ಮೆಂಟ್ ವರ್ಷ" ಹೋಗಿ "ತೆರಿಗೆ ವರ್ಷ" ಬರುತ್ತದೆ, ಗಂಡ-ಹೆಂಡತಿಯ ಬಡ್ಡಿ ಸೇರಿಸುವ ನಿಯಮ ಹಾಗೇ ಇರುತ್ತದೆ. ಟಿಡಿಎಸ್ ಬೇಡ ಅಂತ ಕೊಡುವ ಫಾರಂ ಅನ್ನು ಏಪ್ರಿಲ್ ಮೊದಲ ವಾರದಲ್ಲೇ, ಆಗ ಚಾಲ್ತಿಯಲ್ಲಿರುವ ನಮೂನೆ ಯಾವುದು ಅಂತ ಬ್ಯಾಂಕಿನಲ್ಲಿ ಕೇಳಿ, ಠೇವಣಿ ಇರುವ ಪ್ರತಿ ಬ್ಯಾಂಕಿಗೂ ಬೇರೆ ಬೇರೆಯಾಗಿ ಕೊಡಬೇಕು.